ಜಿಗ್ ನಾವೇ ಮಾಡಿಕೊಳ್ಳುವುದೋ, ದುಡ್ಡು ಕೊಟ್ಟು ತರುವುದೋ?

ನಿಮ್ಮ ಪ್ರಶ್ನೆ ಓದಿದೆ. ಮಂಜೇಶ್ವರದ ಹತ್ತಿರ ಮನೆ, ಕಾರ್ ಶೆಡ್ಡು ಖಾಲಿ ಇದೆ. ಸೆಕೆಂಡ್ ಹ್ಯಾಂಡ್ ಟೇಬಲ್ ಸಾ (ಮೇಜಿನ ನಡುವಿನಿಂದ ಬ್ಲೇಡ್ ಮೇಲೆ ಬರುವ ಗರಗಸ ಮಷಿನ್) ಒಂದು, ಕೈಯಲ್ಲಿ ಹಿಡಿದು ಮರ ಕೊಯ್ಯುವ ಕಟ್ಟರ್ ಒಂದು, ಡ್ರಿಲ್ ಒಂದು. ಮೊದಲು ಬಟ್ಟೆಯ ಕಪಾಟು, ಆಮೇಲೆ ಮಗಳಿಗೆ ಓದುವ ಮೇಜು ಮಾಡಬೇಕು. ಜಿಗ್‌ಗಳಿಗೆ ಅಂತ 15,000 ರೂಪಾಯಿ ತೆಗೆದಿಟ್ಟಿದ್ದೀರಿ. ಆನ್‌ಲೈನಿನಲ್ಲಿ ನೋಡಿದರೆ ಎಲ್ಲವೂ ಬೇಕು ಅನ್ನಿಸುತ್ತದೆ, ಗೆಳೆಯರು ಒಂದನ್ನೂ ತರಬೇಡ, ಎಲ್ಲ ಮನೆಯಲ್ಲೇ ಆಗುತ್ತದೆ ಅನ್ನುತ್ತಾರೆ, ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ. ಕೊನೆಗೆ ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಜೋಡಣೆ) ಜಿಗ್ ಒಂದನ್ನು ಕಾರ್ಟಿಗೆ ಹಾಕಿಟ್ಟಿದ್ದೇನೆ ಅಂತ ಬೇರೆ ಬರೆದಿದ್ದೀರಿ. ಮೊದಲು ಅದನ್ನು ಕಾರ್ಟಿನಿಂದ ತೆಗೆಯಿರಿ. ಕಾರಣ ಆಮೇಲೆ ಹೇಳುತ್ತೇನೆ.

ನಾನು ಬದಿಯಡ್ಕದ ಕಡೆಯವನು. ಅಡಿಕೆ ತೋಟ ಇದೆ, ಅಡಿಕೆ ಸುಲಿಯುತ್ತಿದ್ದ ಕೊಟ್ಟಿಗೆಯಲ್ಲೇ ಈಗ ಮರದ ಕೆಲಸ. ಹನ್ನೊಂದು ವರ್ಷವಾಯಿತು. ಕಲಿತದ್ದು ಅರ್ಧ ವಿಡಿಯೊ ನೋಡಿ, ಅರ್ಧ ನಮ್ಮ ಮನೆಯ ಮಾಡು ರಿಪೇರಿಗೆ ಬಂದ ಒಬ್ಬರು ಹಳೆಯ ಆಚಾರಿಯವರ ಹಿಂದೆ ಹಿಂದೆ ತಿರುಗಿ. ಹಾಗಾಗಿ ನಾನು ಹೇಳುವುದು ದೊಡ್ಡ ವಿದ್ವಾಂಸನ ಮಾತಲ್ಲ, ಕೈ ಸುಟ್ಟುಕೊಂಡವನ ಮಾತು.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು: ಜಿಗ್ ಅಂದರೆ ಮರವನ್ನೋ ಮಷಿನನ್ನೋ ಒಂದೇ ಜಾಗದಲ್ಲಿ ಹಿಡಿದು, ಹತ್ತು ಸಲ ಕೊಯ್ದರೂ ಹತ್ತೂ ಒಂದೇ ಥರ ಬರುವ ಹಾಗೆ ಮಾಡುವ ಸಾಧನ. ನಮ್ಮ ಆಚಾರಿಯವರು ಇದಕ್ಕೆಲ್ಲ ಸೇರಿಸಿ ಅಚ್ಚು ಅಂತ ಒಂದೇ ಹೆಸರು ಹೇಳುತ್ತಿದ್ದರು. ಅವರ ಕೈಯಲ್ಲಿದ್ದ ಅಳತೆಕೋಲು ಕೂಡ ಅದೇ ಜಾತಿ. ಒಂದು ಕೋಲು ಅಂದರೆ 24 ಅಂಗುಲ, ನಮ್ಮ ಲೆಕ್ಕದಲ್ಲಿ 72 ಸೆಂಟಿಮೀಟರ್. ಈ ಅಂಗುಲ ಅಂದರೆ ಇಂಚಲ್ಲ, 3 ಸೆಂಟಿಮೀಟರ್. ಟೇಪು ಇರಲಿಲ್ಲ, ಮನೆ ನಿಂತಿತು.

ಈಗ ವಿಷಯಕ್ಕೆ. ನೀವು "ಯಾವುದು ಅಗ್ಗ" ಅಂತ ಕೇಳಿದ್ದೀರಿ. ನಾನಾದರೆ ಹಾಗೆ ಕೇಳುವುದಿಲ್ಲ. ಈ ಜಿಗ್ ಯಾವುದರ ಅಳತೆಗೆ ಹೊಂದಬೇಕು, ಇದರಲ್ಲಿ ಸವೆಯುವುದು ಏನು, ಈ ಎರಡನ್ನು ನೋಡುತ್ತೇನೆ. ನಿಮ್ಮ ಮಷಿನ್, ನಿಮ್ಮ ಬ್ಲೇಡಿಗೆ ಹೊಂದಬೇಕಾದದ್ದನ್ನು ಯಾವ ಕಂಪನಿಯೂ ಸರಿಯಾಗಿ ಮಾಡಿ ಕೊಡಲಾರದು, ಅವರು ನಿಮ್ಮ ಮಷಿನ್ ನೋಡಿಲ್ಲ ಅಲ್ವಾ. ಡ್ರಿಲ್ಲಿನ ತುದಿಯಲ್ಲಿ ತಿರುಗುವ ಬಿಟ್ ಉಜ್ಜುತ್ತಾ ಹೋಗುವಂಥದ್ದನ್ನು ಮರದಲ್ಲಿ ಮಾಡಿದರೆ ನಾಲ್ಕು ದಿನ ಬರುತ್ತದೆ, ಅದಕ್ಕೆ ಗಟ್ಟಿ ಉಕ್ಕು ಬೇಕು, ಅದನ್ನು ದುಡ್ಡು ಕೊಟ್ಟೇ ತರಬೇಕು.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ನಿಮ್ಮ ಕೈ ಕಟ್ಟರ್. 8 ಅಡಿ ಪ್ಲೈ ಶೀಟನ್ನು ಆ ಸಣ್ಣ ಟೇಬಲ್ ಸಾ ಮೇಲೆ ಒಬ್ಬರೇ ತಳ್ಳಲು ಹೋಗಬೇಡಿ. ಅದಕ್ಕೆ ಕಟ್ಟರೇ ಸರಿ, ನೇರ ಹೋಗಲು ಒಂದು ಗೈಡ್ ಬೇಕು ಅಷ್ಟೆ. 6 ಮಿಲಿಮೀಟರ್ ಪ್ಲೈಯ ಒಂದು ಅಗಲ ಪಟ್ಟಿ ತೆಗೆದುಕೊಳ್ಳಿ, ಅದರ ಮೇಲೆ 12 ಮಿಲಿಮೀಟರ್ ಪ್ಲೈಯ ಕಿರಿದಾದ ನೇರ ಪಟ್ಟಿಯನ್ನು ಅಂಟಿಸಿ ಸ್ಕ್ರೂ ಹಾಕಿ. ಕೆಳಗಿನ ಪಟ್ಟಿ ಬೇಕಾದ್ದಕ್ಕಿಂತ ಎರಡು ಇಂಚು ಹೊರಗೆ ಚಾಚಿಕೊಂಡಿರಲಿ. ಈಗ ಕಟ್ಟರಿನ ತಳವನ್ನು ಮೇಲಿನ ಪಟ್ಟಿಗೆ ಒತ್ತಿ ಹಿಡಿದು ಒಂದು ಸಲ ಉದ್ದಕ್ಕೂ ಓಡಿಸಿ. ಹೊರಗೆ ಚಾಚಿದ್ದನ್ನು ಬ್ಲೇಡೇ ಕೊಯ್ದು ಹಾಕುತ್ತದೆ. ಉಳಿದ ಅಂಚು ಇದೆಯಲ್ಲ, ಅದೇ ನಿಮ್ಮ ಬ್ಲೇಡ್ ಹೋಗುವ ಗೆರೆ. ಇನ್ನು ಮುಂದೆ ಲೆಕ್ಕ ಹಾಕುವ ಕೆಲಸವೇ ಇಲ್ಲ, ಗುರುತಿನ ಮೇಲೆ ಅಂಚಿಟ್ಟು ಕ್ಲ್ಯಾಂಪ್ ಹಾಕಿ ಕೊಯ್ದರಾಯಿತು. ಬ್ಲೇಡ್ ಬದಲಿಸಿ ದಪ್ಪದ್ದು ಹಾಕಿದರೆ ಮಾತ್ರ ಅಂಚು ಹೊಂದುವುದಿಲ್ಲ, ಅದಕ್ಕೆ ಗೈಡಿನ ಮೇಲೆಯೇ ಯಾವ ಬ್ಲೇಡ್ ಅಂತ ಬರೆದಿಡಿ. ಎಂಟು ಅಡಿಯದ್ದು ಒಂದು, ನಾಲ್ಕು ಅಡಿಯದ್ದು ಒಂದು ಮಾಡಿ. ಪ್ಲೈ ತುಂಡುಗಳಿಗೆ ನಮ್ಮಲ್ಲಿ ಬರವಿಲ್ಲ, ಕಣ್ಣೂರು ವಳಪಟ್ಟಣದ ಕಡೆ ಹಿಂದಿನಿಂದಲೂ ಪ್ಲೈವುಡ್ ಫ್ಯಾಕ್ಟರಿಗಳಿವೆ, ಇಂಟೀರಿಯರ್ ಕೆಲಸದವರ ಹತ್ತಿರ ಕೇಳಿದರೆ ಸುಮ್ನೆ ಸಿಗುವ ಚೂರುಗಳೇ ಸಾಕು.

ಮೇಲಿನ ಪಟ್ಟಿ ನೇರ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಅಂದರೆ, ಅದನ್ನಿಟ್ಟು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಪಟ್ಟಿಯನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚಿನಲ್ಲಿ ಅದೇ ಎರಡು ತುದಿಗಳಿಗೆ ಹೊಂದಿಸಿ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ನೇರ. ನಡುವೆ ಬಿಲ್ಲಿನ ಹಾಗೆ ಬಿಟ್ಟರೆ ಆ ಪಟ್ಟಿ ಒಲೆಗೆ.

ಎರಡನೆಯದು ಟೇಬಲ್ ಸಾಗೆ ಸ್ಲೆಡ್. ಅಡ್ಡ ಕೊಯ್ಯಲು ಮರವನ್ನು ಕೂರಿಸಿ ತಳ್ಳುವ ಹಲಗೆ. ಇದರಲ್ಲಿ ನಾನು ತಿಂದ ಪೆಟ್ಟು ಹೇಳದೆ ಇರಲಾರೆ.

ಮಷಿನಿನ ಮೇಲೆ ಎರಡು ಉದ್ದ ತೋಡು ಇರುತ್ತದಲ್ಲ, ಸ್ಲಾಟ್, ಅದರಲ್ಲಿ ಜಾರುವ ಹಾಗೆ ಸ್ಲೆಡ್ಡಿನ ಅಡಿಗೆ ಎರಡು ಪಟ್ಟಿ ಬೇಕು. ನಾನು ಮಾರ್ಚ್ ತಿಂಗಳಲ್ಲಿ ಚೆನ್ನಾಗಿ ಒಣಗಿದ ಹಲಸಿನ ಮರದಲ್ಲಿ ಪಟ್ಟಿ ಮಾಡಿದೆ, ಎಷ್ಟು ಚಂದ ಕೂತಿತು ಅಂದರೆ ಬೆಣ್ಣೆಯಲ್ಲಿ ಕತ್ತಿ ಹೋದ ಹಾಗೆ. ನೆಂಟರಿಗೆಲ್ಲ ತೋರಿಸಿದೆ. ಜೂನ್ ಎರಡನೇ ವಾರ ಮಳೆ ಹಿಡಿಯಿತು, ಜುಲೈಯಲ್ಲಿ ನೋಡಿದರೆ ಸ್ಲೆಡ್ ಅಲುಗುವುದೇ ಇಲ್ಲ! ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಕಾಯಿತು. ಸಿಟ್ಟು ಬಂದು ಪಟ್ಟಿಯನ್ನು ಉಜ್ಜಿ ಉಜ್ಜಿ ಸರಿ ಮಾಡಿದೆ. ಜನವರಿಯಲ್ಲಿ ಅದೇ ಪಟ್ಟಿ ಲೊಡಲೊಡ.

ತಪ್ಪು ಮರದ್ದಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ನಾಲ್ಕು ತಿಂಗಳಲ್ಲಿ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. 100 ಮಿಲಿಮೀಟರ್ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಸುಮಾರು 1 ಮಿಲಿಮೀಟರ್ ಹಿಗ್ಗಬಹುದು. ಆ ಲೆಕ್ಕದಲ್ಲಿ 19 ಮಿಲಿಮೀಟರಿನ ಪಟ್ಟಿ 0.2 ಮಿಲಿಮೀಟರ್. ಕೇಳಲು ಏನೂ ಅಲ್ಲ, ಬಿಗಿ ಸ್ಲಾಟಿನಲ್ಲಿ ಅಷ್ಟೇ ಸಾಕು ಸಿಕ್ಕಿಕೊಳ್ಳಲು. ಒಣ ಹವೆಯ ಊರಿನವರು ಮಾಡಿದ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅವರಿಗೆ ಆ ಕಷ್ಟ ಇಲ್ಲ ಮಾರಾಯ್ರೇ.

ನಾನು ಈಗ ಮಾಡುವುದು ಏನೆಂದರೆ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಬೋರ್ಡ್ ಬರುತ್ತದಲ್ಲ, ಅದನ್ನೇ ಸೀಳಿ ಪಟ್ಟಿ ಮಾಡುವುದು. ನೀರು ಕುಡಿಯುವುದಿಲ್ಲ, ಎಣ್ಣೆ ಹಾಕದೆ ಜಾರುತ್ತದೆ. ಎತ್ತರ ಸ್ಲಾಟಿನ ಆಳಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಅಡಿಯಲ್ಲಿ ಹುಡಿ ತುಂಬಿದರೆ ಸ್ಲೆಡ್ ಎದ್ದು ನಿಲ್ಲುತ್ತದೆ. ಸ್ಲೆಡ್ಡಿನ ತಳ 12 ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈ, ಐಎಸ್ 710 ಅಂತ ಮುದ್ರೆ ಇರುವುದು. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಮಟ್ಟಸ ಇರುತ್ತದೆ ನಿಜ, ಆದರೆ ನಮ್ಮ ಮಳೆಗೆ ಅದರ ಅಂಚು ಉದ್ದಿನ ಹಪ್ಪಳದ ಹಾಗೆ ಉಬ್ಬುತ್ತದೆ.

ಸ್ಲೆಡ್ಡಿನಲ್ಲಿ ಮರ ಒರಗುವ ಹಿಂದಿನ ಗೋಡೆ, ಅಂದರೆ ಫೆನ್ಸ್, ಬ್ಲೇಡಿಗೆ ಸರಿಯಾಗಿ 90 ಡಿಗ್ರಿ ನಿಲ್ಲಬೇಕು. ಮೊದಲು ಒಂದು ತುದಿಗೆ ಮಾತ್ರ ಸ್ಕ್ರೂ ಹಾಕಿ, ಇನ್ನೊಂದು ತುದಿಗೆ ಕ್ಲ್ಯಾಂಪ್. ಪರೀಕ್ಷೆಗೆ ಐದು ಕೊಯ್ತದ ವಿಧಾನ ಅಂತ ಇದೆ. ಒಂದು ಚೌಕ ಪ್ಲೈ ತುಂಡು ತೆಗೆದುಕೊಂಡು ಒಂದು ಬದಿ ಕೊಯ್ಯಿರಿ, ಕೊಯ್ದ ಬದಿಯನ್ನು ಫೆನ್ಸಿಗೆ ತಿರುಗಿಸಿ ಮುಂದಿನ ಬದಿ, ಹೀಗೆ ನಾಲ್ಕೂ ಬದಿ ಸುತ್ತಿ, ಐದನೆಯದಾಗಿ ಮೊದಲ ಬದಿಯನ್ನೇ ಮತ್ತೆ ಕೊಯ್ದು ಒಂದು ಇಂಚಿನ ಪಟ್ಟಿ ತೆಗೆಯಿರಿ. ಆ ಪಟ್ಟಿಯ ಎರಡು ತುದಿಯ ಅಗಲವನ್ನು ವರ್ನಿಯರ್‌ನಲ್ಲಿ (ಮಿಲಿಮೀಟರಿಗಿಂತ ಸಣ್ಣದನ್ನೂ ಅಳೆಯುವ ಸಾಧನ) ಅಳೆಯಿರಿ. ಒಂದು ತುದಿ 25.4, ಇನ್ನೊಂದು 25.0 ಅಂತಿಟ್ಟುಕೊಳ್ಳಿ, ವ್ಯತ್ಯಾಸ 0.4. ನಾಲ್ಕು ಸಲ ಸುತ್ತಿದ್ದರಿಂದ ತಪ್ಪು ನಾಲ್ಕು ಪಟ್ಟು ಆಗಿ ಕಾಣುತ್ತಿದೆ, ನಾಲ್ಕರಿಂದ ಭಾಗಿಸಿದರೆ 0.1. ಪಟ್ಟಿಯ ಉದ್ದ 400 ಮಿಲಿಮೀಟರ್ ಆದರೆ, 400ಕ್ಕೆ 0.1 ಓರೆ ಅಂತಾಯಿತು. ಫೆನ್ಸಿನ ಸ್ಕ್ರೂವಿನಿಂದ ಆಚೆ ತುದಿಗೆ 500 ಇದ್ದರೆ ಆ ತುದಿಯನ್ನು 0.125 ಸರಿಸಬೇಕು. ಅಷ್ಟು ಸಣ್ಣದನ್ನು ಸರಿಸುವುದು ಹೇಗೆ? ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವಾಗ ತೂರಿಸುವ ತೆಳು ತಗಡಿನ ಗೇಜು ಇದೆಯಲ್ಲ, ಅದು. ಫೆನ್ಸಿನ ಹಿಂದೆ ಒಂದು ಮರದ ತುಂಡು ಗಟ್ಟಿ ಕ್ಲ್ಯಾಂಪ್ ಮಾಡಿ, ನಡುವೆ ಗೇಜಿನ ಎಲೆ ಇಟ್ಟು ಸರಿಸಿ. ಯಾವ ಕಡೆಗೆ ಸರಿಸುವುದು ಅಂತ ಮೊದಲ ಸಲ ನನಗೂ ಉಲ್ಟಾ ಆಯಿತು, ತಪ್ಪು ಎರಡು ಪಟ್ಟು ಆದಾಗ ಗೊತ್ತಾಯಿತು. ಸರಿಯಾದ ಮೇಲೆ ಎರಡನೇ ಸ್ಕ್ರೂ. ಬ್ಲೇಡ್ ಹೋಗುವ ದಾರಿಯಲ್ಲಿ ಸ್ಕ್ರೂ ಇರಬಾರದು, ಬ್ಲೇಡ್ ಹಿಂದಕ್ಕೆ ಹೊರಬರುವ ಜಾಗದಲ್ಲಿ ಒಂದು ದಪ್ಪ ಮರದ ತುಂಡು ಅಂಟಿಸಿ, ಹೆಬ್ಬೆರಳು ಅಲ್ಲಿರುತ್ತದೆ.

ಇಷ್ಟು ನಿಖರವಾದ ಸ್ಲೆಡ್ ನಿಮಗೆ ಅಂಗಡಿಯಲ್ಲಿ ಸಿಗುವುದಿಲ್ಲ. ಅದರಲ್ಲೂ ನಿಮ್ಮದು ಹಳೆಯ ಮಷಿನ್, ಸ್ಲಾಟ್ 19 ಮಿಲಿಮೀಟರೇ ಇರುತ್ತದೆ ಅಂತ ನಂಬಬೇಡಿ, ಸಣ್ಣ ಮಷಿನ್‌ಗಳಲ್ಲಿ ಬೇರೆ ಬೇರೆ ಇರುತ್ತದೆ. ಮಷಿನಿನ ಜೊತೆ ಬರುವ ಮೈಟರ್ ಗೇಜ್, ಅಂದರೆ ಅಡ್ಡ ಕೊಯ್ಯಲು ಮರಕ್ಕೆ ಆಸರೆ ಕೊಡುವ ಸಾಧನ, ಹಲವದರಲ್ಲಿ ಸ್ಲಾಟಿನೊಳಗೆ ಕುಣಿಯುತ್ತದೆ.

ಇನ್ನು ಕೊಳ್ಳಬೇಕಾದದ್ದು. ಡೋವೆಲ್ ಜಿಗ್, ಅಂದರೆ ಎರಡು ಹಲಗೆ ಸೇರಿಸಲು 8 ಮಿಲಿಮೀಟರಿನ ಮರದ ಕಡ್ಡಿ ಹಾಕುತ್ತೇವಲ್ಲ, ಅದಕ್ಕೆ ತೂತು ನೆಟ್ಟಗೆ ಹೊಡೆಯುವ ಸಾಧನ. ಇದನ್ನೂ ನಾನು ಮರದಲ್ಲಿ ಮಾಡಿ ನೋಡಿದೆ, ಕಿರಾಲ್‌ಬೋಗಿಯ ತುಂಡಿನಲ್ಲಿ, ಅದಕ್ಕಿಂತ ಗಟ್ಟಿ ಮರ ನಮ್ಮ ಊರಲ್ಲಿ ಹುಡುಕಬೇಕು. ಮೊದಲ ಹತ್ತು ತೂತು ಒಳ್ಳೆಯದಾಗಿ ಬಂತು. ಮೂವತ್ತು ದಾಟುವಾಗ ತೂತಿನ ಬಾಯಿ ಮೊಟ್ಟೆಯ ಆಕಾರ. ಬಿಟ್ ಬದಿಗೆ ಒರಗಿ ತಿರುಗುತ್ತದೆ, ಮರ ಎಷ್ಟು ಗಟ್ಟಿ ಇದ್ದರೂ ಅದರ ಮುಂದೆ ನಿಲ್ಲುವುದಿಲ್ಲ. ಅಂಗಡಿಯದ್ದರಲ್ಲಿ ಹದ ಮಾಡಿದ ಉಕ್ಕಿನ ಬುಷ್, ಅಂದರೆ ಬಿಟ್ ಇಳಿಯುವ ಗಿಡ್ಡ ಕೊಳವೆ, ಇರುತ್ತದೆ, ಕೊಡುವ ದುಡ್ಡೆಲ್ಲ ಆ ಬುಷ್‌ಗೇ. ಸ್ಕ್ರೂ ಹಾಕಲು ಓರೆ ತೂತು ಹೊಡೆಯುವ ಪಾಕೆಟ್ ಹೋಲ್ ಜಿಗ್ ಕೂಡ ಹಾಗೆಯೇ, 15 ಡಿಗ್ರಿ ಓರೆಯಲ್ಲಿ ಮೆಟ್ಟಿಲಿರುವ ಉದ್ದ ಬಿಟ್ ಇಳಿಯಬೇಕು. ಇದರಲ್ಲಿ ಒಂದು ತಮಾಷೆ ಇದೆ. ಈಗ ಎಲ್ಲರೂ ಹೆಸರು ಹೇಳುವ ಕ್ರೆಗ್ ಜಿಗ್ ಶುರುವಾದದ್ದು 1980ರ ದಶಕದಲ್ಲಿ, ಅಮೆರಿಕದ ಅಯೋವಾದ ಕ್ರೇಗ್ ಸಮ್ಮರ್‌ಫೆಲ್ಡ್ ಅನ್ನುವವರು ತಮ್ಮ ಮನೆಯ ಅಡುಗೆಕೋಣೆಯ ಕಪಾಟಿಗೆ ಅಂತ ತಾವೇ ಮಾಡಿಕೊಂಡ ಜಿಗ್ಗಿನಿಂದ. ನಿಮ್ಮ ಗೆಳೆಯರಿಗೆ ಇದನ್ನು ಹೇಳಬೇಡಿ, ವಾದಕ್ಕೆ ಬಲ ಬರುತ್ತದೆ. ಅಥವಾ ಪೂರ್ತಿ ಹೇಳಿ: ಅವರು ಟೂಲ್ ಅಂಡ್ ಡೈ, ಅಂದರೆ ಲೋಹದಲ್ಲಿ ಅಚ್ಚು, ಸಾಧನ ಮಾಡುವ ಕೆಲಸದವರು, ಮಾಡಿದ್ದು ಅಲ್ಯೂಮಿನಿಯಂ ಮತ್ತು ಉಕ್ಕಿನಲ್ಲಿ.

ತಂದ ಮಾತ್ರಕ್ಕೆ ಕೆಲಸ ಸರಿ ಬರುತ್ತದೆ ಅಂತಲೂ ಇಲ್ಲ. 18 ಮಿಲಿಮೀಟರ್ ಅಂತ ಮಾರುವ ಪ್ಲೈ ಅಳೆದರೆ 17 ಚಿಲ್ಲರೆ ಇರುವುದು ಮಾಮೂಲು. ಜಿಗ್ ಅದನ್ನು 18 ಅಂದುಕೊಂಡು ನಡುವೆ 9ಕ್ಕೆ ತೂತು ಹೊಡೆಯುತ್ತದೆ. ಆದ್ದರಿಂದ ಪ್ರತಿ ಹಲಗೆಯ ಹೊರಮುಖಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಯಾವಾಗಲೂ ಆ ಮುಖದ ಕಡೆಯಿಂದಲೇ ಜಿಗ್ ಇಡಿ. ತೂತು ನಡುವೆ ಬರದಿದ್ದರೂ ಎರಡು ಹಲಗೆಯಲ್ಲೂ ಒಂದೇ ದೂರದಲ್ಲಿ ಬರುತ್ತದೆ, ಹೊರಮುಖ ಮಟ್ಟಸ ಸೇರುತ್ತದೆ.

ಕಪಾಟಿನ ಬಾಗಿಲಿಗೆ ಹಾಕುವ 35 ಮಿಲಿಮೀಟರಿನ ಬಟ್ಟಲು ಹಿಂಜ್ ಇದೆಯಲ್ಲ, ಅದರ ಜಿಗ್ ಮಾಡಲೂಬಹುದು, ಕೊಳ್ಳಲೂಬಹುದು. ಬಾಗಿಲಿನ ಅಂಚಿನಿಂದ ತೂತಿನ ಅಂಚಿಗೆ 5 ಬಿಡುವುದಾದರೆ ತೂತಿನ ನಡುಬಿಂದು 22.5ಕ್ಕೆ. ಕೊಳ್ಳುವಂಥದ್ದು ದುಬಾರಿಯೇನಲ್ಲ, ನಾನಾದರೆ ತರುತ್ತೇನೆ, ಯಾಕೆಂದರೆ ಬಾಗಿಲು ಹಾಳಾದರೆ ಇಡೀ ಹಲಗೆ ಹೋಯಿತು.

ಒಳಗಿನ ತಟ್ಟುಗಳಿಗೆ ತೂತಿನ ಸಾಲು ಬೇಕಲ್ಲ, ಅದರ ಜಿಗ್ ಮಾತ್ರ ನೀವೇ ಮಾಡಿ. ಒಂದು ಪ್ಲೈ ಪಟ್ಟಿಯಲ್ಲಿ 32 ಮಿಲಿಮೀಟರಿಗೊಂದು 5 ಮಿಲಿಮೀಟರಿನ ತೂತು, ಮುಂದಿನ ಅಂಚಿನಿಂದ 37. ಇಲ್ಲೂ ಬಿಟ್ ಉಜ್ಜುತ್ತದೆ, ಆದರೆ ಒಂದು ಕಪಾಟು ಮುಗಿಯುವ ತನಕ ಬಂದರೆ ಸಾಕು, ಆಮೇಲೆ ಬಿಸಾಡಿ. ಒಂದು ತುದಿಗೆ ದೊಡ್ಡದಾಗಿ "ಮೇಲೆ" ಅಂತ ಬರೆಯಿರಿ. ನಾನು ಬರೆಯಲಿಲ್ಲ. ಎಡಗಡೆ ಹಲಗೆಗೆ ಸರಿ ಇಟ್ಟು, ಬಲಗಡೆಗೆ ತಲೆಕೆಳಗಾಗಿ ಇಟ್ಟು ನಲವತ್ತು ತೂತು ಹೊಡೆದೆ. ಪಟ್ಟಿಯ ಎರಡು ತುದಿಯಲ್ಲಿ ಬಿಟ್ಟ ಜಾಗ ಒಂದೇ ಇರಲಿಲ್ಲ, ತಟ್ಟುಗಳೆಲ್ಲ ಓರೆ. ಆ ಕಪಾಟು ಈಗ ನಮ್ಮ ಕೊಟ್ಟಿಗೆಯಲ್ಲೇ ಇದೆ, ಸ್ಕ್ರೂ ಡಬ್ಬಿಗಳು ಒಂದು ಕಡೆಗೆ ಜಾರುತ್ತವೆ.

ಆಚಾರಿಯವರು ನನಗೆ ಕಲಿಸಿದ್ದರಲ್ಲಿ ಅತಿ ಬೆಲೆಯದ್ದು ಅಂದರೆ ಪಕ್ಕಾಸಿನ (ಮಾಡಿನ ಹಂಚು ಹೊರುವ ಓರೆ ಮರದ) ಪಾಠ. ಮಾಡಿಗೆ ಇಪ್ಪತ್ತಾರು ಪಕ್ಕಾಸು ಕೊಯ್ಯಬೇಕಿತ್ತು, ಎಲ್ಲದಕ್ಕೂ ತುದಿಯಲ್ಲಿ ಒಂದೇ ಓರೆ. ನಾನು ಒಂದನ್ನು ಕೊಯ್ದು, ಅದನ್ನಿಟ್ಟು ಎರಡನೆಯದಕ್ಕೆ ಗೆರೆ ಹಾಕಿ, ಎರಡನೆಯದನ್ನಿಟ್ಟು ಮೂರನೆಯದಕ್ಕೆ ಹಾಕುತ್ತಾ ಹೋಗುತ್ತಿದ್ದೆ, ಕೈಗೆ ಹತ್ತಿರ ಇರುವುದು ಅದೇ ಅಲ್ವಾ. ಅವರು ಬೀಡಿ ಕೆಳಗಿಟ್ಟು ಬಂದು ಮೊದಲನೆಯದಕ್ಕೆ ಕರಿಯಲ್ಲಿ ದೊಡ್ಡ ಕ್ರಾಸ್ ಎಳೆದರು. ಇದು ಅಚ್ಚು, ಇದು ಕೊನೆಗೆ ಮೇಲೆ ಹತ್ತುವುದು, ಅಲ್ಲಿಯವರೆಗೆ ಎಲ್ಲದಕ್ಕೂ ಇದರಿಂದಲೇ ಗೆರೆ ಅಂತ ತುಳುವಿನಲ್ಲಿ ಹೇಳಿ ಹೋದರು. ಪ್ರತಿ ಸಲ ಪೆನ್ಸಿಲಿನ ದಪ್ಪ ಅರ್ಧ ಮಿಲಿಮೀಟರ್ ಸೇರಿದರೂ ಇಪ್ಪತ್ತೈದನೇ ಸಲಕ್ಕೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ. ಇದು ಜಿಗ್‌ಗೂ ಅನ್ವಯಿಸುತ್ತದೆ. ಪೆಟ್ಟಿಗೆ ಮೂಲೆಗೆ ಬೆರಳು ಹೆಣೆದ ಹಾಗೆ ಜೋಡಣೆ ಮಾಡುವ ಜಿಗ್ ನೀವು ಮಾಡುವುದಾದರೆ, ಅದರ ಗೂಟ 0.1 ಆಚೀಚೆ ಆದರೆ ಹನ್ನೆರಡು ಬೆರಳಿಗೆ 1.2 ಮಿಲಿಮೀಟರ್, ಪೆಟ್ಟಿಗೆ ಸೇರುವುದೇ ಇಲ್ಲ. ಸ್ಲೆಡ್‌ನಂಥದ್ದರಲ್ಲಿ ಒಂದು ಕೊಯ್ತದ ತಪ್ಪು ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಹೊಸಬರು ಮೊದಲು ಸ್ಲೆಡ್ ಮಾಡಲಿ, ಬೆರಳು ಜಿಗ್ ಒಂದು ವರ್ಷ ಬಿಟ್ಟು.

ಈಗ ಡವ್‌ಟೇಲ್. ಆ ಜಿಗ್ ಓಡಬೇಕಾದರೆ ರೌಟರ್ (ತಿರುಗುವ ಬಿಟ್ಟಿನಿಂದ ಮರ ಕೆತ್ತುವ ಮಷಿನ್) ಬೇಕು, ಅದನ್ನು ಜಿಗ್ಗಿನ ಗುಂಟ ನಡೆಸುವ ಗೈಡ್ ಬುಷ್ ಬೇಕು, ಅದರ ಬಿಟ್ ಬೇಕು. ನೀವು ಬರೆದ ಮಷಿನ್‌ಗಳಲ್ಲಿ ರೌಟರೇ ಇಲ್ಲ! ಕಪಾಟಿನ ಡ್ರಾಯರಿಗೆ ಡೋವೆಲ್ ಸಾಕು. ಮುಂದೆ ಎಂದಾದರೂ ಆಸೆಯಾದರೆ ಕೈಯಲ್ಲೇ ಗರಗಸ, ಉಳಿ ಹಿಡಿದು ಮಾಡಿ, ಓರೆ ಗುರುತಿಸಲು ಮೃದು ಮರಕ್ಕೆ 1:6, ಗಟ್ಟಿ ಮರಕ್ಕೆ 1:8 ಲೆಕ್ಕದಲ್ಲಿ ಒಂದು ಸಣ್ಣ ಮರದ ಅಚ್ಚು ಹತ್ತು ನಿಮಿಷದಲ್ಲಿ ಆಗುತ್ತದೆ.

ಮರ ತಳ್ಳುವ ಕೋಲು ಅರ್ಧ ಡಜನ್ ಮಾಡಿಡಿ. ಬ್ಲೇಡ್ ತಿನ್ನಬೇಕಾದದ್ದು ಅದನ್ನು, ಬೆರಳನ್ನಲ್ಲ. ದುಡ್ಡು ಕೊಟ್ಟು ತಂದದ್ದಾದರೆ ಹಾಳಾಗುತ್ತದೆ ಅಂತ ಕೈ ಹಿಂದೆ ಎಳೆಯುತ್ತೇವೆ, ಅದೇ ಅಪಾಯ.

ದುಡ್ಡಿನ ವಿಷಯ ಕೇಳಿದಿರಿ. ನಮ್ಮಲ್ಲಿ ಆಚಾರಿಯ ಒಂದು ದಿನದ ಸಂಬಳ ಸಾವಿರ ದಾಟಿ ವರ್ಷಗಳಾದವು. ನಿಮ್ಮ ರಜಾದಿನಕ್ಕೂ ಅಷ್ಟಾದರೂ ಬೆಲೆ ಇದೆ ಅಂತಿಟ್ಟುಕೊಂಡರೆ, ಎರಡು ಭಾನುವಾರ ಕೂತು ಹಿಂಜ್ ಜಿಗ್ ಮಾಡುವುದು ನಷ್ಟ. ಎರಡು ಭಾನುವಾರ ಸ್ಲೆಡ್ ಮಾಡುವುದು ಲಾಭ, ಮಾಡುವಾಗಲೇ ನಿಮ್ಮ ಮಷಿನಿನ ಓರೆಕೋರೆ ಎಲ್ಲ ಗೊತ್ತಾಗಿಬಿಡುತ್ತದೆ.

ಹಾಗಾಗಿ 15,000ದಲ್ಲಿ ಮೊದಲು ಒಂದು ಒಳ್ಳೆಯ ಉಕ್ಕಿನ ಮೂಲೆಮಟ್ಟ ತನ್ನಿ. ಅದು ತಪ್ಪಿದ್ದರೆ ನೀವು ಮಾಡುವ ಜಿಗ್‌ಗಳೆಲ್ಲ ತಪ್ಪು. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ನೇರ ಅಂಚಿರುವ ಹಲಗೆಯ ಮೇಲಿಟ್ಟು ಗೆರೆ ಎಳೆದು, ಮಗುಚಿ ಅದೇ ಜಾಗದಿಂದ ಇನ್ನೊಂದು ಗೆರೆ. ಎರಡರ ನಡುವೆ ಕಾಣುವ ಅಂತರ ಮೂಲೆಮಟ್ಟದ ತಪ್ಪಿನ ಎರಡು ಪಟ್ಟು. ಅಂಗಡಿಯವರು ಮುಖ ಹುಳಿ ಮಾಡಿದರೆ ಮಾಡಲಿ. ಆಮೇಲೆ ವರ್ನಿಯರ್, ಡೋವೆಲ್ ಜಿಗ್, ಹಿಂಜ್ ಜಿಗ್. ಉಳಿದ ದುಡ್ಡಿಗೆಲ್ಲ ಕ್ಲ್ಯಾಂಪ್. ಕ್ಲ್ಯಾಂಪ್ ಎಷ್ಟಿದ್ದರೂ ಕೊನೆಯಲ್ಲಿ ಎರಡು ಕಡಿಮೆ ಬೀಳುತ್ತದೆ.

ನಿಮ್ಮ ಮಷಿನಿನ ಸ್ಲಾಟಿನ ಅಗಲ, ಆಳ ಅಳೆದು ಕೆಳಗೆ ಬರೆಯಿರಿ. 19ರ ಪ್ಲಾಸ್ಟಿಕ್ ಪಟ್ಟಿ ಒಂದು ಜೊತೆ ನನ್ನಲ್ಲಿ ಮಿಕ್ಕಿದೆ, ಹೊಂದುವುದಾದರೆ ಬದಿಯಡ್ಕಕ್ಕೆ ಬಂದಾಗ ತೆಗೆದುಕೊಂಡು ಹೋಗಬಹುದು.